ಕಾಲಿಗೆ ಬುದ್ಧಿ ಹೇಳುವ ಮುನ್ನ

(ಮಲೆಬೆನ್ನೂರಿನಲ್ಲಿ ಬೆಳಗಿನ ಓಟ ಹಾಗೂ ನಡಿಗೆಯ ಅಭ್ಯಾಸವುಳ್ಳವರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಓಡಿಹೋದವನ ಬಗ್ಗೆ ನಮ್ಮ ಜನ 'ಕಾಲಿಗೆ ಬುದ್ಧಿ ಹೇಳಿದ' ಎನ್ನುತ್ತಾರೆ. ಕನ್ನಡದ ಸೊಗಸಾದ ನುಡಿಗಟ್ಟುಗಳಲ್ಲಿ ಇದೂ ಒಂದು. ಆದರೆ ನಲವತ್ತು ದಾಟಿದ ಮೇಲೆ ಓಡಲು ಆರಂಭಿಸಿದವರ ಪಾಲಿಗೆ ಈ ಮಾತು ತಿರುವುಮುರುವಾಗುತ್ತದೆ. ಮೊದಮೊದಲು ನಾವು ಕಾಲಿಗೆ ಬುದ್ಧಿ ಹೇಳುತ್ತೇವೆ. ಕೆಲವು ತಿಂಗಳು ಕಳೆದ ಮೇಲೆ ಕಾಲೇ ನಮಗೆ ಬುದ್ಧಿ ಹೇಳತೊಡಗುತ್ತದೆ. ಮೀನಖಂಡದಲ್ಲಿ ಹಿಡಿತ, ಕಣಕಾಲಿನಲ್ಲಿ ನೋವು, ಹಿಮ್ಮಡಿಯ ಮೇಲೆ ಉರಿ. ಎರಡು ದಿನ ಬಿಟ್ಟರೆ ಹೋಗಬಹುದು ಎಂದುಕೊಂಡದ್ದು ಎರಡು ತಿಂಗಳಾದರೂ ಹೋಗುವುದಿಲ್ಲ.

ಇಲ್ಲಿ ಕುಳಿತಿರುವವರಲ್ಲಿ ಅನೇಕರಿಗೆ ಈ ಅನುಭವ ಇದ್ದೀತು. ಆಗ ನಾವು ಮಾಡುವುದು ಎರಡೇ ಕೆಲಸ. ಒಂದು, ಹಲ್ಲು ಕಚ್ಚಿ ಓಡುತ್ತಲೇ ಇರುವುದು. ಇನ್ನೊಂದು, 'ವಯಸ್ಸಾಯಿತು, ಇನ್ನು ಸಾಕು' ಎಂದು ಓಟವನ್ನೇ ಬಿಟ್ಟುಬಿಡುವುದು. ಎರಡೂ ನಷ್ಟದ ದಾರಿಗಳೇ ಎಂಬುದು ನನ್ನ ಇಂದಿನ ಮಾತಿನ ಸಾರಾಂಶ. ನಾನು ವೈದ್ಯನಲ್ಲ, ಪತ್ರಿಕೆಯ ವರದಿಗಾರ. ವರದಿಗಾರನಿಗೆ ಮೊದಲ ದಿನವೇ ಕಲಿಸುವ ಪಾಠ 'ಎಲ್ಲಿ, ಯಾವಾಗ, ಹೇಗೆ' ಎಂಬ ಪ್ರಶ್ನೆಗಳದ್ದು. ಕಾಲು ನೋವಿಗೂ ಮೂರೇ ಪ್ರಶ್ನೆ ಸಾಕು. ನೋವು ಎಲ್ಲಿದೆ? ಯಾವಾಗ ಶುರುವಾಗುತ್ತದೆ? ಏನು ಮಾಡಿದರೆ ನಿಲ್ಲುತ್ತದೆ? ಈ ಮೂರಕ್ಕೆ ಸ್ಪಷ್ಟವಾಗಿ ಉತ್ತರ ಹೇಳಬಲ್ಲವರು ವೈದ್ಯರ ಅರ್ಧ ಕೆಲಸವನ್ನು ತಾವೇ ಮಾಡಿ ಮುಗಿಸಿರುತ್ತಾರೆ.

ಹೆಳವನ ಹೆಸರಿನ ಕಟ್ಟೆ

ಈ ಊರಿನಲ್ಲಿ ನಿಂತು ಕಾಲಿನ ವಿಚಾರ ಮಾತನಾಡುವುದಕ್ಕೆ ಒಂದು ವಿಶೇಷವಿದೆ. ಪಕ್ಕದ ಕೊಮಾರನಹಳ್ಳಿಯ ರಂಗನಾಥ ಸ್ವಾಮಿಗೆ ಹೆಳವನಕಟ್ಟೆ ರಂಗನೆಂದೇ ಹೆಸರು. ಹದಿನೆಂಟನೆಯ ಶತಮಾನದಲ್ಲಿ ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೆಬೆನ್ನೂರಿಗೆ ಸೊಸೆಯಾಗಿ ಬಂದ ಗಿರಿಯಮ್ಮ ಈ ರಂಗನ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ಹಾಡಿದರು. 'ಚಂದ್ರಹಾಸನ ಕಥೆ', 'ಸೀತಾ ಕಲ್ಯಾಣ' ಮೊದಲಾದ ಕೃತಿಗಳಿಂದ ಹರಿದಾಸ ಸಾಹಿತ್ಯದಲ್ಲಿ ಹೆಳವನಕಟ್ಟೆ ಗಿರಿಯಮ್ಮ ಎಂದು ಪ್ರಸಿದ್ಧರಾದರು. ಹೀಗೆ ಈ ಊರಿನ ಅತ್ಯಂತ ದೊಡ್ಡ ಹೆಸರಿನೊಳಗೇ 'ಹೆಳವ' ಎಂಬ ಶಬ್ದ ಸೇರಿಕೊಂಡಿದೆ. ಹೆಳವ ಎಂದರೆ ಕಾಲಿನಲ್ಲಿ ಬಲವಿಲ್ಲದವನು, ಕುಂಟ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರೆಂಬ ಸಮುದಾಯವೇ ಇದೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆ ಬಾಗಿಲಿಗೆ ಬಂದು, ಆ ಮನೆಯ ತಲೆಮಾರುಗಳ ವಂಶಾವಳಿಯನ್ನು ಒಪ್ಪಿಸುವುದು ಅವರ ಕುಲವೃತ್ತಿ. ಹೆಸರಿನಲ್ಲಿ ಕಾಲಿಲ್ಲದವರು, ಆದರೆ ಊರೂರು ತಿರುಗಿ ಎಲ್ಲರ ಮನೆತನದ ನೆನಪನ್ನು ಕಾಪಾಡಿದವರು. ಕಾಲಿನ ಕೊರತೆಯನ್ನು ನಮ್ಮ ಹಿಂದಿನವರು ಬರೀ ಹಾಸ್ಯದ ವಸ್ತುವಾಗಿ ನೋಡಲಿಲ್ಲ, ಅದಕ್ಕೊಂದು ಗೌರವದ ಸ್ಥಾನವನ್ನೂ ಕೊಟ್ಟಿದ್ದರು ಎಂಬುದಕ್ಕೆ ಇದು ಸಾಕ್ಷಿ. ಇಂದು ಮಾತ್ರ ನಾವು ಕುಂಟುವುದನ್ನು ಮುಚ್ಚಿಡುತ್ತೇವೆ. ಜೊತೆಯವರು ನೋಡಿಬಿಟ್ಟಾರು ಎಂದು ನೋಯುವ ಕಾಲನ್ನು ನೆಟ್ಟಗೆ ಇಡಲು ಹೋಗಿ ಇನ್ನೊಂದು ಕಾಲನ್ನೂ ಕೆಡಿಸಿಕೊಳ್ಳುತ್ತೇವೆ.

ಅಂಚೆಯ ಓಟಗಾರರು

ಓಟ ಎಂಬುದು ಈಚಿನ ಪಟ್ಟಣದವರ ಶೋಕಿ, ನಮ್ಮದಲ್ಲ ಎಂದು ಹೇಳುವವರಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ವ್ಯವಸ್ಥೆಯನ್ನು ಆರಂಭಿಸಿದರು. ಪತ್ರಗಳನ್ನು ಹೊತ್ತು ಓಡಿದವರು ಹರಿಕಾರರು. 1889ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯೊಂದಿಗೆ ವಿಲೀನವಾಗುವವರೆಗೆ, ಅಂದರೆ ಎರಡು ಶತಮಾನಕ್ಕೂ ಮೀರಿ, ಮೈಸೂರು ಅಂಚೆ ನಡೆಯಿತು. ಅದಕ್ಕೂ ಹಿಂದೆ, ಹದಿನಾಲ್ಕನೆಯ ಶತಮಾನದಲ್ಲಿ, ಇಬನ್ ಬತೂತ ಎಂಬ ಪ್ರವಾಸಿ ದೆಹಲಿ ಸುಲ್ತಾನರ ಕಾಲ್ನಡಿಗೆಯ ಅಂಚೆಯನ್ನು ವರ್ಣಿಸಿದ್ದಾನೆ. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸಿದ್ಧನಾಗಿ ನಿಲ್ಲುತ್ತಿದ್ದ. ಸಿಂಧ್‌ನಿಂದ ದೆಹಲಿಗೆ 50 ದಿನಗಳ ಪ್ರಯಾಣ, ಆದರೆ ಸುದ್ದಿ 5 ದಿನದಲ್ಲಿ ತಲುಪುತ್ತಿತ್ತು ಎನ್ನುತ್ತಾನೆ ಆತ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಠಾಣೆಗಳು ಮೈಲಿಗೆ ಮೂರರಂತೆ ಇದ್ದವು. ಅಂದರೆ ಒಬ್ಬ ಓಟಗಾರ ಒಂದೇ ಉಸಿರಿಗೆ ಓಡುತ್ತಿದ್ದುದು ಮೈಲಿಯ ಮೂರನೆಯ ಒಂದು ಭಾಗ ಮಾತ್ರ. ಒಬ್ಬನ ಕಾಲಿನಿಂದ ಸುದ್ದಿ ಓಡಲಿಲ್ಲ. ಹೊರೆಯನ್ನು ಹಂಚಿಕೊಂಡದ್ದರಿಂದ ಓಡಿತು. ಹೊಟ್ಟೆಪಾಡಿಗಾಗಿ ಓಡಿದ ಆ ಜನರಿಗೆ ತಿಳಿದಿದ್ದ ಈ ಗುಟ್ಟನ್ನು ಆರೋಗ್ಯಕ್ಕಾಗಿ ಓಡುವ ನಾವು ಮರೆತಿದ್ದೇವೆ.

ಹೆಜ್ಜೆಯ ಲೆಕ್ಕ

ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಎಪ್ಪತ್ತು ಕಿಲೋ ತೂಗುವವರೊಬ್ಬರನ್ನು ತೆಗೆದುಕೊಳ್ಳೋಣ. ಎರಡೂವರೆ ಪಟ್ಟು ಎಂದು ಹಿಡಿದರೆ ಒಂದು ಹೆಜ್ಜೆಗೆ 175 ಕಿಲೋ, ಎರಡು ಚೀಲ ಭತ್ತಕ್ಕಿಂತ ಹೆಚ್ಚು. ನಿಧಾನವಾಗಿ ಐದು ಕಿಲೋಮೀಟರು ಓಡಿದರೆ ಸುಮಾರು ಆರು ಸಾವಿರ ಹೆಜ್ಜೆ, ಒಂದೊಂದು ಕಾಲಿಗೆ ಮೂರು ಸಾವಿರ. ಒಟ್ಟು ಲೆಕ್ಕ ಹಾಕಿದರೆ ಒಂದು ಕಾಲು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಹೊತ್ತು ಇಳಿಸುವ ಭಾರ 525 ಟನ್. ಅಕ್ಕಿ ಗಿರಣಿಗಳ ಊರಿನವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಹತ್ತು ಟನ್ನಿನ ಲಾರಿಗಳು ಐವತ್ತಕ್ಕೂ ಹೆಚ್ಚು.

ಈ ಹಮಾಲಿ ಕೆಲಸವನ್ನು ಕಾಲು ಮಾಡಬಲ್ಲದು. ಅದು ಅದಕ್ಕೆಂದೇ ರೂಪುಗೊಂಡದ್ದು. ತೊಂದರೆ ಇರುವುದು ಅವಸರದಲ್ಲಿ. ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಶ್ವಾಸಕೋಶ ಅದಕ್ಕೆ ಒಗ್ಗುತ್ತವೆ. ಏದುಸಿರು ಕಡಿಮೆಯಾಗುತ್ತದೆ, ಉತ್ಸಾಹ ಹೆಚ್ಚುತ್ತದೆ. ಆದರೆ ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಒಗ್ಗಲು ತಿಂಗಳುಗಳೇ ಬೇಕು. ಎತ್ತು ಒಂದು ಕಡೆ ಹುರುಪಾಗಿದ್ದು ಗಾಡಿಯ ಅಚ್ಚು ಇನ್ನೂ ಹಸಿಯಾಗಿದ್ದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ನಲವತ್ತರ ನಂತರ ಸ್ನಾಯುವಿನ ಬಲವೂ ವರ್ಷ ವರ್ಷಕ್ಕೆ ಇಳಿಯುತ್ತ ಹೋಗುವುದರಿಂದ ಈ ಅಂತರ ಇನ್ನಷ್ಟು ದೊಡ್ಡದಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಓಟಗಾರರು ಅಕ್ಷರಶಃ ಪಾಲಿಸಬೇಕು.

ಮುಳ್ಳನ್ನು ಮುಳ್ಳಿನಿಂದಲೇ

ಈಗ ಮೊದಲ ಬಗೆಯ ನೋವು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲಿನ ಗಟ್ಟಿ ಹುರಿ ಬಿಗಿಯಾಗಿ ನೋಯುತ್ತದೆ. ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ. ಓಡುವಾಗ ಮೈ ಬಿಸಿಯಾದ ಮೇಲೆ ಮರೆತೇ ಹೋಗುತ್ತದೆ. ಸಂಜೆಗೋ ಮರುದಿನಕ್ಕೋ ಮತ್ತೆ ಹಾಜರು. ಇದು ಸ್ನಾಯುರಜ್ಜಿನ ನೋವು. ನಡುವಯಸ್ಸಿನ ಓಟಗಾರರನ್ನು ಹೆಚ್ಚಾಗಿ ಕಾಡುವವುಗಳಲ್ಲಿ ಇದೂ ಒಂದು.

ಸ್ವೀಡನ್ ದೇಶದ ಉಮಿಯೋ ನಗರದಲ್ಲಿ ಹಾಕನ್ ಆಲ್ಫ್ರೆಡ್ಸನ್ ಎಂಬ ಮೂಳೆ ವೈದ್ಯರಿದ್ದರು. ಅವರೂ ಓಟಗಾರರೇ, ಅವರಿಗೂ ಇದೇ ನೋವು. ಶಸ್ತ್ರಚಿಕಿತ್ಸೆ ಮಾಡಿ ಎಂದು ಮೇಲಿನವರನ್ನು ಕೇಳಿದರೆ ಅವರು ಒಪ್ಪಲಿಲ್ಲ. ಹಾಗಾದರೆ ಈ ರಜ್ಜು ಹರಿದೇ ಹೋಗಲಿ, ಆಗ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗುತ್ತದಲ್ಲ ಎಂದು ನೋಯುವ ಕಾಲಿನ ಮೇಲೆಯೇ ದಿನದಿನವೂ ಭಾರ ಹಾಕತೊಡಗಿದರು. ರಜ್ಜು ಹರಿಯಲಿಲ್ಲ. ಬದಲಿಗೆ ನೋವೇ ಹೋಯಿತು! ನಂತರ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಹದಿನೈದು ಮಂದಿ ಹವ್ಯಾಸಿ ಕ್ರೀಡಾಳುಗಳು, ಸರಾಸರಿ ವಯಸ್ಸು 44. ಬಹುಕಾಲದಿಂದ ನೋಯುತ್ತಿದ್ದು, ಬೇರೆ ಚಿಕಿತ್ಸೆಗಳಿಂದ ಗುಣ ಕಾಣದವರು. ಹನ್ನೆರಡು ವಾರಗಳ ವ್ಯಾಯಾಮದ ಬಳಿಕ ಹದಿನೈದೂ ಮಂದಿ ಮೊದಲಿನ ಮಟ್ಟದ ಓಟಕ್ಕೆ ಮರಳಿದರು.

ವ್ಯಾಯಾಮ ಬಹಳ ಸರಳ. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಿನ ಮೇಲೆ ನಿಲ್ಲಬೇಕು. ಆಸರೆಗೆ ಗೋಡೆ ಹಿಡಿಯಬಹುದು. ಮೇಲೇಳುವುದು ಒಳ್ಳೆಯ ಕಾಲಿನಿಂದ. ಆಮೇಲೆ ಭಾರವನ್ನೆಲ್ಲ ನೋಯುವ ಕಾಲಿಗೆ ಕೊಟ್ಟು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ನಿಧಾನವಾಗಿ ಇಳಿಸಬೇಕು. ಹದಿನೈದರಂತೆ ಮೂರು ಸರದಿ ಮಂಡಿ ನೆಟ್ಟಗಿಟ್ಟು, ಮೂರು ಸರದಿ ಮಂಡಿ ತುಸು ಬಗ್ಗಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಹಿಸಬಹುದಾದ ನೋವಿದ್ದರೆ ನಿಲ್ಲಿಸಬೇಕಿಲ್ಲ. ನಂತರದ ವರ್ಷಗಳಲ್ಲಿ ಇದಕ್ಕೆ ಅನೇಕ ಮಾರ್ಪಾಡುಗಳು ಬಂದಿವೆ. ಹಿಮ್ಮಡಿ ಮೂಳೆಗೆ ರಜ್ಜು ಅಂಟಿಕೊಂಡ ಜಾಗದಲ್ಲೇ ನೋವಿದ್ದರೆ ಇಷ್ಟು ಕೆಳಗೆ ಇಳಿಸಬಾರದು ಎಂದೂ ತಿಳಿದುಬಂದಿದೆ. ಆದರೆ ಮೂಲ ತತ್ವ ಉಳಿದುಕೊಂಡಿದೆ. ಸ್ನಾಯುರಜ್ಜಿಗೆ ಬೇಕಾದದ್ದು ಬರೀ ವಿಶ್ರಾಂತಿಯಲ್ಲ, ಅಳತೆಯ ಭಾರ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಹಾಗೆ.

ಇದೇ ಕಾರಣಕ್ಕೆ ಹಳೆಯ ಕೆಲವು ಸಲಹೆಗಳೂ ಬದಲಾಗಿವೆ. ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು 1978ರಲ್ಲಿ ಪೆಟ್ಟಾದ ಕಾಲಿಗೆ ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ ಕಟ್ಟುವುದು, ಎತ್ತರದಲ್ಲಿ ಇಡುವುದು ಎಂಬ ನಾಲ್ಕು ಸೂತ್ರಗಳನ್ನು ಹೇಳಿದ್ದರು. ಜಗತ್ತೆಲ್ಲ ಪಾಲಿಸಿತು. ದಶಕಗಳ ನಂತರ ಅವರೇ, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ನಿಧಾನಗೊಳಿಸಬಹುದು ಎಂದು ಬರೆದರು.

ಮೂಳೆ ಹೇಳುವ ಮಾತು

ಎರಡನೆಯ ಬಗೆಯ ನೋವು ಇದಕ್ಕೆ ವಿರುದ್ಧ. ಮೈ ಬಿಸಿಯಾದಷ್ಟೂ ಇದು ಕಡಿಮೆಯಾಗುವುದಿಲ್ಲ, ಓಡಿದಷ್ಟೂ ಹೆಚ್ಚುತ್ತದೆ. ಕಣಕಾಲಿನ ಮೂಳೆಯ ಉದ್ದಕ್ಕೂ ಒಂದು ಗೇಣಿನಷ್ಟು ಜಾಗ ಮಂದವಾಗಿ ನೋಯುತ್ತಿದ್ದರೆ ಅದು ಮೂಳೆಯ ಹೊರಪದರಕ್ಕೆ ಬಿದ್ದ ಒತ್ತಡ ಇರಬಹುದು. ಓಟ ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಒಂದೇ ಬೆರಳಿನಿಂದ 'ಇಲ್ಲೇ' ಎಂದು ತೋರಿಸುವಂತೆ ನೋವಿದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಚುರುಕ್ ಎಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಚ್ಚರಿಕೆ ಬೇಕು. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು.

ಬೀಳದೆ, ಪೆಟ್ಟಾಗದೆ ಮೂಳೆ ಬಿರುಕು ಬಿಡುವುದೆಂದರೆ ಹೇಗೆ? ಈ ಪ್ರಶ್ನೆ ಮೊದಲು ಎದ್ದದ್ದು ಸೈನ್ಯದಲ್ಲಿ. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ, ದೂರ ದೂರ ಕವಾಯತು ನಡೆದ ಸೈನಿಕರ ಪಾದಗಳು ಕಾರಣವಿಲ್ಲದೆ ಊದಿ ನೋಯುವುದನ್ನು ದಾಖಲಿಸಿದ. ಕಾರಣ ಆತನಿಗೂ ಗೊತ್ತಾಗಲಿಲ್ಲ. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣ ಕಂಡುಹಿಡಿದ. ಎರಡೇ ವರ್ಷಗಳಲ್ಲಿ ಅಂಥ ಪಾದಗಳ ಚಿತ್ರ ತೆಗೆದು ನೋಡಿದಾಗ ಮೂಳೆಯ ಬಿರುಕು ಕಣ್ಣಿಗೆ ಬಿತ್ತು. ಒಂದೇ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುವಂತೆ, ದುರಸ್ತಿಗೆ ಸಮಯ ಕೊಡದೆ ಒಂದೇ ಸಮನೆ ದಣಿಸಿದರೆ ಮೂಳೆಯೂ ಸೋಲುತ್ತದೆ. ಆರಂಭದ ವಾರಗಳಲ್ಲಿ ಸಾಮಾನ್ಯ ಎಕ್ಸ್-ರೇಯಲ್ಲಿ ಇದು ಕಾಣದೇ ಇರಬಹುದು. 'ಫೋಟೋದಲ್ಲಿ ಏನೂ ಇಲ್ಲ' ಎಂದ ಮಾತ್ರಕ್ಕೆ ಮರುದಿನವೇ ಓಡಬಾರದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ತೆಳುವಾಗುವುದರಿಂದ ಅಕ್ಕಂದಿರು ಇದನ್ನು ವಿಶೇಷವಾಗಿ ನೆನಪಿಡಬೇಕು. ಇಲ್ಲಿ ಮಾತ್ರ ವಿಶ್ರಾಂತಿಯೇ ಮದ್ದು, ಅದೂ ವಾರಗಟ್ಟಲೆ.

ಕೊನೆ ಭಾಗಕ್ಕೆ ನೀರು

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇದನ್ನು ವಿವರಿಸಲು ಮಲೆಬೆನ್ನೂರಿಗಿಂತ ಒಳ್ಳೆಯ ಜಾಗ ಸಿಗಲಾರದು. ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿ ತುಂಬಿರಬಹುದು. ಆದರೂ ನಾಲೆಯ ಕೊನೆ ಭಾಗದ ರೈತರಿಗೆ ನೀರು ಬರಲಿಲ್ಲವೆಂದು ಚಳವಳಿ ಮಾಡಬೇಕಾಗುತ್ತದೆ. ಅಣೆಕಟ್ಟಿನ ದೋಷವಲ್ಲ, ನಡುವೆ ನಾಲೆಯಲ್ಲಿ ಹೂಳು, ಗಿಡಗಂಟಿ. ನಮ್ಮ ದೇಹದಲ್ಲೂ ಕಾಲು ಎಂಬುದು ಕೊನೆ ಭಾಗದ ಗದ್ದೆ. ಹೃದಯವೆಂಬ ಜಲಾಶಯದಿಂದ ಅತಿ ದೂರ. ರಕ್ತನಾಳದಲ್ಲಿ ಕೊಬ್ಬಿನ ಹೂಳು ತುಂಬಿದಾಗ ಕೂತಿದ್ದರೆ ಗೊತ್ತಾಗುವುದಿಲ್ಲ. ಓಡಿದಾಗ, ಬಿರುಸಾಗಿ ನಡೆದಾಗ ಮೀನಖಂಡ ಹೆಚ್ಚು ರಕ್ತ ಕೇಳುತ್ತದೆ, ಬರುವುದಿಲ್ಲ. ಆಗ ಹಿಡಿದುಕೊಳ್ಳುತ್ತದೆ.

ಈ ನೋವಿನ ಗುರುತು ಸ್ಪಷ್ಟ. ಪ್ರತಿದಿನವೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬರುತ್ತದೆ. ಸುಮ್ಮನೆ ನಿಂತರೆ ಸಾಕು, ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಮತ್ತೆ ಹೊರಟರೆ ಮತ್ತೆ ಅಷ್ಟೇ ದೂರಕ್ಕೆ ಬರುತ್ತದೆ. ಇದನ್ನು ಮೊದಲು ಬಣ್ಣಿಸಿದ್ದು ಮನುಷ್ಯರಲ್ಲಿ ಅಲ್ಲ, ಕುದುರೆಯಲ್ಲಿ. 1831ರಲ್ಲಿ ಬೂಲೆ ಎಂಬ ಫ್ರೆಂಚ್ ಪಶುವೈದ್ಯ, ಓಡಿಸಿದಾಗ ಕುಂಟುತ್ತಿದ್ದ, ನಿಲ್ಲಿಸಿದರೆ ಸರಿಹೋಗುತ್ತಿದ್ದ ಕುದುರೆಯೊಂದರ ತೊಡೆಯ ರಕ್ತನಾಳ ಮುಚ್ಚಿಹೋಗಿದ್ದುದನ್ನು ವರದಿ ಮಾಡಿದ. 1858ರಲ್ಲಿ ಶಾರ್ಕೋ ಎಂಬ ವೈದ್ಯ ಮನುಷ್ಯರಲ್ಲೂ ಇದೇ ಲಕ್ಷಣವನ್ನು ಗುರುತಿಸಿದ. ವೈದ್ಯಶಾಸ್ತ್ರ ಇದಕ್ಕೆ ಇಟ್ಟ ಹೆಸರು ಕ್ಲಾಡಿಕೇಶನ್. ಲ್ಯಾಟಿನ್ ಭಾಷೆಯ ಈ ಶಬ್ದಕ್ಕೆ ಕುಂಟುವುದು ಎಂದೇ ಅರ್ಥ. ಕನ್ನಡದಲ್ಲಿ ಹೇಳಬೇಕೆಂದರೆ ಬಿಟ್ಟು ಬಿಟ್ಟು ಬರುವ ಹೆಳವುತನ.

ಜರ್ಮನರು ಇದನ್ನು 'ಅಂಗಡಿ ಗಾಜಿನ ಕಾಯಿಲೆ' ಎಂದು ಕರೆಯುತ್ತಾರೆ. ನೋವು ಬಂದಾಗ ನಿಲ್ಲಲೇಬೇಕು. ನಿಂತದ್ದಕ್ಕೆ ನೆವ ಬೇಕಲ್ಲ, ಅಂಗಡಿಯ ಗಾಜಿನೊಳಗಿನ ಸಾಮಾನು ನೋಡುವವರಂತೆ ನಟಿಸುತ್ತಾರೆ. ನಮ್ಮ ಕಡೆ ಗಾಜಿನ ಅಂಗಡಿಯ ಬದಲು ತೂಬು. ನನ್ನ ಸೋದರಮಾವ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ನಾಲೆ ಏರಿಯ ಮೇಲೆ ಗದ್ದೆಗೆ ಹೋಗುವಾಗ ಪ್ರತಿ ತೂಬಿನ ಹತ್ತಿರವೂ ನಿಂತು ನೀರು ನೋಡುತ್ತಿದ್ದರು. 'ನೀರು ಕಂಡರೆ ಎಷ್ಟು ಪ್ರೀತಿ ಇವರಿಗೆ' ಎಂದು ಊರವರು ತಮಾಷೆ ಮಾಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಕಾಲ್ಬೆರಳಿನ ಒಂದು ಸಣ್ಣ ಗಾಯ ಒಣಗದೆ ಕಪ್ಪಾಯಿತು. ಎರಡು ಬೆರಳು ತೆಗೆಯಬೇಕಾಯಿತು. ಬೀಡಿ ಬಿಟ್ಟ ಮೇಲೆ ಕಾಲು ಉಳಿಯಿತು. ಮಾವ ಅಂದು ತೂಬಿನ ಬಳಿ ನೋಡುತ್ತಿದ್ದುದು ನೀರನ್ನಲ್ಲ, ನೋವು ಇಳಿಯುವುದನ್ನು ಕಾಯುತ್ತಿದ್ದರು.

ಇದನ್ನು ಪತ್ತೆ ಮಾಡುವ ಪರೀಕ್ಷೆ ದುಬಾರಿಯೇನಲ್ಲ. ತೋಳಿನ ರಕ್ತದೊತ್ತಡವನ್ನೂ ಕಾಲ ಹರಡಿನ ರಕ್ತದೊತ್ತಡವನ್ನೂ ಅಳೆದು ಹೋಲಿಸುತ್ತಾರೆ. ಕಾಲಿನದು ತೋಳಿನದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆಯಿದ್ದರೆ ನಾಳದಲ್ಲಿ ತಡೆ ಇದೆ ಎಂದು ಅರ್ಥ. ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ರಕ್ತದೊತ್ತಡವಿರುವವರು ಇದನ್ನು ಮಾಡಿಸಲೇಬೇಕು. ಕಾಲಿನ ನಾಳದಲ್ಲಿ ಹೂಳಿದ್ದವರಿಗೆ ಹೃದಯದ, ಮಿದುಳಿನ ನಾಳಗಳಲ್ಲೂ ಇರುವ ಸಂಭವ ಹೆಚ್ಚು. ನಲವತ್ತೈದಕ್ಕೂ ಒಳಗಿನ ಧೂಮಪಾನಿಗಳಲ್ಲಿ ಕಾಲಿನ ನಾಳಗಳನ್ನು ಮುಚ್ಚಿಬಿಡುವ ಬರ್ಗರ್ ಕಾಯಿಲೆ ಎಂಬುದೊಂದಿದೆ. ತಂಬಾಕು ಪೂರ್ತಿ ಬಿಡದ ಹೊರತು ಅದಕ್ಕೆ ಪರಿಹಾರವಿಲ್ಲ.

ಸಮಾಧಾನದ ಮಾತೂ ಉಂಟು. ಈ ನೋವಿಗೆ ಮದ್ದುಗಳ ಜೊತೆಗೆ ವೈದ್ಯರು ಹೇಳುವ ಮುಖ್ಯ ಚಿಕಿತ್ಸೆ ನಡಿಗೆಯೇ. ನೋವು ಬರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯುವುದು. ನಮ್ಮ ನಾಲೆಯ ಆನ್ ಅಂಡ್ ಆಫ್ ಪದ್ಧತಿಯಂತೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಇರುವ ರಕ್ತವನ್ನೇ ಚೆನ್ನಾಗಿ ಬಳಸಿಕೊಳ್ಳಲು ಸ್ನಾಯು ಕಲಿಯುತ್ತದೆ, ನಡೆಯುವ ದೂರ ಹೆಚ್ಚುತ್ತದೆ.

ಬಗ್ಗಿದರೆ ಹಗುರ, ಊದಿದರೆ ಅಪಾಯ

ಇದನ್ನೇ ಹೋಲುವ ಇನ್ನೊಂದು ನೋವಿದೆ. ಅದರಲ್ಲಿ ಬರೀ ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಗ್ಗಬೇಕು. ನಡೆಯಲಾಗದವರು ಬಗ್ಗಿ ಸೈಕಲ್ ತುಳಿದರೆ ಮೈಲಿಗಟ್ಟಲೆ ಹೋಗಬಲ್ಲರು. ಇದು ಕಾಲಿನದಲ್ಲ, ಸೊಂಟದಲ್ಲಿ ಬೆನ್ನುಹುರಿಯ ದಾರಿ ಕಿರಿದಾಗಿ ನರ ಒತ್ತಿಕೊಂಡದ್ದು. ಸೊಂಟದಿಂದ ತೊಡೆಯ ಹಿಂಬದಿ ಹಾದು ಪಾದದವರೆಗೆ ಸೆಳೆದರೆ ಅದೂ ನರದ್ದೇ. ಆಯುರ್ವೇದದಲ್ಲಿ ಅದಕ್ಕೆ ಗೃಧ್ರಸಿ ಎಂದು ಹೆಸರು. ಗೃಧ್ರ ಎಂದರೆ ಹದ್ದು, ರೋಗಿಯ ನಡಿಗೆ ಹದ್ದಿನಂತೆ ಕಾಣುವುದೆಂದು ಆ ಹೆಸರು ಬಂತು ಎನ್ನುತ್ತಾರೆ. ಇಂಥ ನೋವಿಗೆ ಮೀನಖಂಡವನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಹೇಳಿಬಿಡುತ್ತೇನೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಭಾರವಾದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಮೇಲೆ ಹೀಗಾದರಂತೂ ಎಣ್ಣೆ ಹಚ್ಚಿ ತಿಕ್ಕಿಸಲೇಬಾರದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಪಾದ ಜೋತುಬಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದು ನರದ ತುರ್ತು. ಇಂಥ ಸಮಯದಲ್ಲಿ ಹರಿಹರಕ್ಕೋ ದಾವಣಗೆರೆಯ ದೊಡ್ಡ ಆಸ್ಪತ್ರೆಗೋ ಹೊರಡುವುದಕ್ಕೆ ಮುಹೂರ್ತ ನೋಡಬಾರದು.

ವಂಶಾವಳಿ ಕೇಳುವವರು

ಓಡುವವನಿಗೆ ಯಾವ ಕಾಯಿಲೆಯೂ ಬಾರದು ಎಂಬ ನಂಬಿಕೆಯೂ ಅಪಾಯಕಾರಿ. ಅಮೆರಿಕದ ಜಿಮ್ ಫಿಕ್ಸ್ ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುತ್ತಿದ್ದವರು. ಮೂವತ್ತೈದರಲ್ಲಿ ಓಟ ಹಿಡಿದು, ಸಿಗರೇಟು ಬಿಟ್ಟು, ತೆಳ್ಳಗಾದರು. 1977ರಲ್ಲಿ ಓಟದ ಬಗ್ಗೆ ಅವರು ಬರೆದ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಆ ದೇಶವನ್ನೇ ಓಡಿಸಿತು. 1984ರ ಜುಲೈ 20ರಂದು, 52ನೆಯ ವಯಸ್ಸಿನಲ್ಲಿ, ಓಟದ ನಡುವೆಯೇ ಕುಸಿದು ತೀರಿಕೊಂಡರು. ಹೃದಯದ ರಕ್ತನಾಳಗಳು ಮುಚ್ಚಿಹೋಗಿದ್ದವು. ಅವರ ತಂದೆ 43ಕ್ಕೇ ಹೃದಯಾಘಾತದಿಂದ ಸತ್ತಿದ್ದರು. ಓಟ ಅವರನ್ನು ಕೊಂದಿತೆಂದು ಹೇಳುವುದು ತಪ್ಪು, ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದರಲ್ಲ! ಆದರೆ ಓಟ ಎಲ್ಲವನ್ನೂ ತೊಳೆದುಬಿಡುವುದಿಲ್ಲ ಎಂಬುದಂತೂ ಸ್ಪಷ್ಟ. ಎತ್ತಿನ ಮೇಲೆ ಬರುವ ಹೆಳವರಿಗೆ ನಮ್ಮ ವಂಶಾವಳಿ ಗೊತ್ತಿರುತ್ತದೆ. ಬಿಳಿ ಕೋಟಿನ ವೈದ್ಯರಿಗೆ ಗೊತ್ತಿರುವುದಿಲ್ಲ. ಅಪ್ಪ, ಚಿಕ್ಕಪ್ಪ, ಸೋದರಮಾವಂದಿರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ನಾವೇ ಹೇಳಬೇಕು.

ಔಷಧಿ ಅಂಗಡಿಯ ಬಗ್ಗೆಯೂ ಒಂದು ಮಾತು. ಓಟಕ್ಕೆ ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸ ಹೆಚ್ಚುತ್ತಿದೆ. ಅದು ನೋವನ್ನು ಮುಚ್ಚುತ್ತದೆ, ಗಾಯವನ್ನಲ್ಲ. ಬೆವರಿ ನೀರು ಕಳೆದುಕೊಂ ಡ ದೇಹದಲ್ಲಿ ಮೂತ್ರಪಿಂಡಕ್ಕೂ ಪೆಟ್ಟು. ಹಿಮ್ಮಡಿಯ ರಜ್ಜಿಗೆ ಸ್ಟೀರಾಯ್ಡ್ ಸೂಜಿ ಚುಚ್ಚಿಸಿಕೊಂಡರೆ ಅದು ಹರಿಯುವ ಅಪಾಯವಿದೆ. ಜ್ವರ, ಭೇದಿಗೆಂದು ತಾವೇ ಕೊಂಡು ನುಂಗುವ ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳೂ ಸ್ನಾಯುರಜ್ಜಿಗೆ ಹಾನಿ ಮಾಡಬಲ್ಲವು, ಅರವತ್ತು ದಾಟಿದವರಿಗೆ ಹೆಚ್ಚಾಗಿ. ಕೊಲೆಸ್ಟರಾಲ್ ಮಾತ್ರೆಯಿಂದ ಕೆಲವರಿಗೆ ಸ್ನಾಯು ನೋವು ಬರುವುದುಂಟು. ಆದರೆ ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಹೊರೆ ಹಂಚಿಕೊಳ್ಳುವ ಕ್ರಮ

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು? ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಎಷ್ಟು ದೂರ ಓಡಿದಿರಿ, ನೋವು ಎಲ್ಲಿ ಬಂತು, ಯಾವಾಗ ಬಂತು, ಹೇಗೆ ಹೋಯಿತು, ಮರುದಿನ ಬೆಳಿಗ್ಗೆ ಹೇಗಿತ್ತು ಎಂದು ಎರಡು ಸಾಲು ಬರೆಯಿರಿ. ನೋವು ಸ್ವಲ್ಪವಿದ್ದು ಮರುದಿನಕ್ಕೆ ಇಳಿದಿದ್ದರೆ ಹೊರೆ ಅಳತೆಯಲ್ಲಿದೆ. ಮರುದಿನಕ್ಕೆ ಹೆಚ್ಚಾಗಿದ್ದರೆ ಹೊರೆ ಮೀರಿದೆ, ತಗ್ಗಿಸಿ. ಎರಡು ವಾರ ತಗ್ಗಿಸಿದರೂ ಇಳಿಯದಿದ್ದರೆ ಪುಸ್ತಕ ಹಿಡಿದು ವೈದ್ಯರ ಬಳಿ ಹೋಗಿ.

ಒಂದು ದಿನ ಓಟ, ಒಂದು ದಿನ ನಡಿಗೆ ಅಥವಾ ಸೈಕಲ್. ಐದು ನಿಮಿಷ ಓಡಿ ಎರಡು ನಿಮಿಷ ನಡೆಯುವುದರಲ್ಲಿ ಅವಮಾನವೇನೂ ಇಲ್ಲ, ಅಂಚೆಯವರು ಮಾಡಿದ್ದೂ ಅದನ್ನೇ. ನಾಲೆ ಏರಿ ಒಂದು ಕಡೆಗೆ ವಾಲಿದ್ದರೆ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಹಿಡಿಯಿರಿ. ವಾರಕ್ಕೆ ಎರಡು ದಿನ ಮೆಟ್ಟಿಲಿನ ವ್ಯಾಯಾಮ ಮಾಡಿ ಮೀನಖಂಡಕ್ಕೆ ಬಲ ತುಂಬಿ. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಹೆಚ್ಚಿಸಬೇಡಿ.

ಜೊತೆಯವರು ಕುಂಟಿದರೆ ನಗಬೇಡಿ, ಕೇಳಿ. 'ಅಣ್ಣಾ, ಎಲ್ಲಿ ನೋವು? ನಿಂತರೆ ಹೋಗುತ್ತದೆಯೇ?' ಎಂಬ ಎರಡು ಪ್ರಶ್ನೆ ಒಂದು ಕಾಲನ್ನು, ಕೆಲವೊಮ್ಮೆ ಒಂದು ಜೀವವನ್ನು ಉಳಿಸಬಹುದು. ತೂಬಿನ ಬಳಿ ನಿಂತು ನೀರು ನೋಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಪಕ್ಕದಲ್ಲಿ ಒಂದು ನಿಮಿಷ ನಿಲ್ಲುವಷ್ಟು ಪುರುಸೊತ್ತು ಓಟಗಾರರಿಗೆ ಇರಲಿ.